ಎಳ್ಳು ಮುಟ್ಟಿದ ಕೈ

ನವೆಂಬರ್ 18, ಸೋಮವಾರ

ಶಾಲೆಯಲ್ಲಿ ಬಳಸದೆ ಉಳಿದಿದ್ದ ಹಾಜರಿ ಪುಸ್ತಕವೊಂದನ್ನು ಹೆಡ್‌ಮಾಸ್ಟರಿಗೆ ಹೇಳಿ ಮನೆಗೆ ತಂದೆ. ರಟ್ಟಿನ ಮೇಲೆ ವಿದ್ಯಾರ್ಥಿ ಎಂಬಲ್ಲಿ 'ಹಿತಾ, ಏಳನೇ ತಿಂಗಳು' ಎಂದೂ, ಶಿಕ್ಷಕರು ಎಂಬಲ್ಲಿ 'ಸುಂದರರಾಜ, ಗುಮಾಸ್ತ, ಜಾವಗಲ್ ಹೈಸ್ಕೂಲು' ಎಂದೂ ಬರೆದೆ. ತಮಾಷೆಗೆ ಬರೆದದ್ದು. ಓದಿ ನಗುವವರು ಮನೆಯಲ್ಲಿಲ್ಲ.

ಬರೆಯಲು ಹೇಳಿದವರು ಇಲ್ಲಿ ಅರಸೀಕೆರೆಯ ಮಕ್ಕಳ ಡಾಕ್ಟರ್ ಕಾವ್ಯಶ್ರೀ. ಮಗುವಿನ ಕೆನ್ನೆ, ಕತ್ತಿನ ಮೇಲೆ ಕೆಂಪು ದದ್ದು ಏಳುತ್ತದೆ, ಒಂದು ದಿನ ಇದ್ದು ಇಳಿಯುತ್ತದೆ. ತೋರಿಸಲು ಹೋದವನು, ನನಗೂ ಆಗಾಗ ತುಟಿ ಕೆರೆಯುತ್ತದೆ ಎಂದು ಬಾಯಿ ಬಿಟ್ಟೆ. "ಹಂಗಿದ್ರೆ ಇಬ್ಬರದೂ ಬರೀರಿ ಸರ್. ಏನು ತಿಂದ್ರಿ, ಎಷ್ಟು ಹೊತ್ತಿಗೆ, ಏನಾಯ್ತು. ಮೈಲ್ಡ್ ಇದೆ, ಭಯ ಬೇಡ. ಉಸಿರಾಟಕ್ಕೆ ಕಷ್ಟ ಆದ್ರೆ, ವಾಂತಿ ನಿಲ್ದೆ ಇದ್ರೆ ಮಾತ್ರ ಕಾಯ್ಬೇಡಿ, ಓಡಿ ಬನ್ನಿ" ಎಂದರು. ನಾನು ತಲೆಯಾಡಿಸಿದೆ. ಈಚೆಗೆ ಯಾರು ಏನು ಹೇಳಿದರೂ ತಲೆಯಾಡಿಸುತ್ತೇನೆ. ಅದಕ್ಕೆ ಶಕ್ತಿ ಕಡಿಮೆ ಸಾಕು.

ಹೆಂಡತಿ ಮೈಥಿಲಿ ಹೋಗಿ ಆರು ತಿಂಗಳಾಯಿತು. ಮಗುವಿಗೆ ಆಗ ಹತ್ತೊಂಬತ್ತು ದಿನ. ತಿಂಗಳು ತಿಂಗಳೂ ಬೇಲೂರಿನಲ್ಲಿ ಅತ್ತೆಯ ಮನೆಯಲ್ಲಿ ಅವಳ ಮಾಸಿಕ ನಡೆಯುತ್ತದೆ. ಗಂಡುಮಗ ಇಲ್ಲದ್ದರಿಂದ ಎಳ್ಳುನೀರು ಬಿಡುವವನು ನಾನು. ವರ್ಷಾಂತ್ಯದ ಕಾರ್ಯ ಮೇ ತಿಂಗಳಿಗೆ ಬರುತ್ತದೆ. ಅದು ಮುಗಿದ ದಿನ ಮಗುವನ್ನು ಬೇಲೂರಿನಲ್ಲೇ ಬಿಟ್ಟು ಬರುವುದೆಂದು ಮಾತಾಗಿದೆ. ಮಾತಾಗಿದೆ ಎಂದರೆ ಅತ್ತೆ ಹೇಳಿದರು, ನಾನು ತಲೆಯಾಡಿಸಿದೆ. ಚೆನ್ನಾಗಿಯೇ ಸಾಕುತ್ತಾರೆ. ಹೇಗೂ ಮಗು ಪೂರ್ತಿ ಅವರ ಕಡೆಯದೇ. ಹಣೆ, ಕಿವಿ, ನಿದ್ದೆಯಲ್ಲಿ ಹುಬ್ಬು ಗಂಟಿಕ್ಕುವುದು, ಎಲ್ಲ ಮೈಥಿಲಿ. "ನಿಮ್ಮದು ಅಂತ ಒಂದು ಉಗುರೂ ಇಲ್ವಲ್ಲ" ಎಂದು ಅತ್ತೆ ನಾಮಕರಣದ ದಿನವೇ ಹೇಳಿದ್ದರು. ಸುಳ್ಳಲ್ಲ.

ಬಿ.ಎ.ಯಲ್ಲಿ 'ನೆಸೆಸಿಟಿ ಈಸ್ ದ ಮದರ್ ಆಫ್' ಎಂಬುದರ ಮೇಲೆ ಎರಡು ಪುಟ ಪ್ರಬಂಧ ಬರೆದಿದ್ದೆ. ಆಫ್ ಆದ ಮೇಲೆ ಏನಿತ್ತೋ ಮರೆತಿದೆ.

ನವೆಂಬರ್ 20

ಮಗು: ಬೆಳಿಗ್ಗೆ ರಾಗಿ ಸರಿ. ಮಧ್ಯಾಹ್ನ ಬೇಳೆಕಟ್ಟಿನಲ್ಲಿ ಕಿವುಚಿದ ಅನ್ನ. ಡಬ್ಬಿ ಹಾಲು ನಾಲ್ಕು ಸಲ. ಬಾಳೆಹಣ್ಣು ಅರ್ಧ.

ನಾನು: ಉಪ್ಪಿಟ್ಟು. ಮಧ್ಯಾಹ್ನವೂ ಅದೇ ಉಪ್ಪಿಟ್ಟು. ರಾತ್ರಿ ಲಲಿತಮ್ಮ ಕೊಟ್ಟ ಮುದ್ದೆ, ಹುರುಳಿಕಾಳಿನ ಸಾರು.

ಇಬ್ಬರಿಗೂ ಏನೂ ಆಗಲಿಲ್ಲ.

ನವೆಂಬರ್ 27

ತೆಂಗಿನಕಾಯಿಯ ಮೇಲೆ ನನಗೆ ಅನುಮಾನ. ಅರಸೀಕೆರೆಯಲ್ಲಿ ಕೂತು ತೆಂಗಿನಕಾಯಿಯನ್ನು ಅನುಮಾನಿಸುವವನು ನಾನೊಬ್ಬನೇ ಇರಬೇಕು. ಆದರೆ ಕಾಸ್ ಅಂಡ್ ಎಫೆಕ್ಟ್ ಎಂದು ಒಂದಿದೆಯಲ್ಲ. ದದ್ದು ಏಳುವುದು ಬೇಲೂರಿಗೆ ಹೋದಾಗ. ಅತ್ತೆ ಪಲ್ಯಕ್ಕೆ, ಕೂಟಿಗೆ, ಪಾಯಸಕ್ಕೆ ಎಲ್ಲಕ್ಕೂ ಕಾಯಿ ಸುರಿಯುತ್ತಾರೆ. ಇಲ್ಲಿ ನಾನು ಸೋಮಾರಿತನಕ್ಕೆ ತುರಿಯುವುದೇ ಇಲ್ಲ.

ಲಲಿತಮ್ಮನಿಗೆ ಹೇಳಿದೆ. ನಾನು ಜಾವಗಲ್ಲಿಗೆ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವರು ಅವರೇ. ಹಾರನಹಳ್ಳಿಯವರು, ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತರಾಗಿ ಎದುರು ಮನೆಯಲ್ಲಿದ್ದಾರೆ. ಸಾಕಿದ ಮಕ್ಕಳ ಲೆಕ್ಕ ಅವರಿಗೇ ಇಲ್ಲ.

"ತೆಂಗಿನಕಾಯಿ ಆಗಲ್ಲ ಅಂದ್ರೆ ಈ ಊರಲ್ಲಿ ಗಾಳಿನೂ ಕುಡಿಯಂಗಿಲ್ಲ ಐನೋರೆ. ಗಂಟುಮೂಟೆ ಕಟ್ಕಂಡು ಹೊರಡಿ" ಎಂದರು.

"ಸುಮ್ಮನೆ ಪರೀಕ್ಷೆಗೆ ಲಲಿತಮ್ಮ. ಹದಿನೈದು ದಿನ ನೀವು ಕೊಡೋ ಸಾರಿಗೂ ಕಾಯಿ ಬೇಡ."

"ಪರೀಕ್ಷೆ ನಿಮ್ಮದು, ಸಪ್ಪೆ ಸಾರು ಉಣ್ಣಾಕೆ ನಾನಾ? ಆಗ್ಲಿ, ಮಗೀಗೋಸ್ಕರ ಉಣ್ತೀನಿ ಬಿಡಿ."

ಡಿಸೆಂಬರ್ 8

ಕಾಯಿ ಬಿಟ್ಟು ಹತ್ತು ದಿನ. ಇಬ್ಬರಿಗೂ ಒಂದು ಕೆರೆತವಿಲ್ಲ. ತೆಂಗೇ ಸರಿ. ಸಂತೋಷಪಡಬೇಕಿತ್ತು. ಮಗುವಿನ ಬಟ್ಟೆ ಎರಡು ಬಕೆಟ್ ನೆನೆದಿದೆ, ಮೊದಲು ಅದು.

ಡಿಸೆಂಬರ್ 13, ಶುಕ್ರವಾರ

ನಿನ್ನೆ ಮಾಸಿಕ. ನನ್ನ ಎಲೆಗೆ ಕಾಯಿ ಹಾಕಿದ್ದು ಬಡಿಸಬೇಡಿ ಎಂದು ಅತ್ತೆಗೆ ಮೊದಲೇ ಫೋನ್ ಮಾಡಿದ್ದೆ. ತುಟಿ ಬಿಗಿಹಿಡಿದು ಹಾಗೆಯೇ ಮಾಡಿದರು. ಅಷ್ಟಾದರೂ ಊಟ ಮುಗಿಯುವ ಮೊದಲೇ ನನ್ನ ತುಟಿ, ಅಂಗುಳ ಕೆರೆಯಿತು. ಎಳ್ಳುಂಡೆಯ ಒಂದು ಚೂರನ್ನು ಅತ್ತೆ "ನಿಮ್ಮಮ್ಮನ ಪ್ರಸಾದ ಕಣೆ" ಎಂದು ಮಗುವಿನ ನಾಲಿಗೆಗೆ ಸವರಿದ್ದರು. ಎಳ್ಳುನೀರು ಬಿಟ್ಟು ಎದ್ದವನು ನಾನೂ ಮಗುವಿನ ಕೆನ್ನೆ ಹಿಡಿದು ಮಾತಾಡಿಸಿದ್ದೆ. ಅರ್ಧ ಗಂಟೆಯಲ್ಲಿ ಕೆನ್ನೆಯೆಲ್ಲ ಕೆಂಪು.

"ಪ್ರತಿ ಸಲ ಇದೇ ದಿನ ಯಾಕೆ ಏಳ್ಬೇಕು ಹೇಳಿ. ಬೇರೆ ದಿನ ಇಲ್ಲ. ನನ್ನ ಮಗಳಿಗೆ ತೃಪ್ತಿ ಆಗಿಲ್ಲ. ಎಳೆ ಕೂಸು ಬಿಟ್ಟು ಹೋದವಳು, ಮುಟ್ಟಿ ನೋಡೋಕೆ ಬರ್ತಾಳೆ" ಎಂದರು ಅತ್ತೆ. ಕಣ್ಣೀರು ಹಾಕಲಿಲ್ಲ, ಅಕ್ಕಿ ಆರಿಸುವಾಗ ಮಾತಾಡುವ ಹಾಗೆ ಹೇಳಿದರು. ಪುರೋಹಿತರು ಎಳ್ಳು ದಾನ ಕೊಡಿ, ಶನಿವಾರ ಎಳ್ಳೆಣ್ಣೆಯ ದೀಪ ಹಚ್ಚಿ ಎಂದರು. ಮಗುವಿಗೂ ಶನಿವಾರ ಇದನ್ನೇ ಹಚ್ಚಿ ನೀರು ಹಾಕಿ ಎಂದು ಅತ್ತೆ ಗಾಣದ ಎಳ್ಳೆಣ್ಣೆಯ ಸೀಸೆ ಕೊಟ್ಟು ಕಳಿಸಿದರು.

ಮುಟ್ಟಿ ನೋಡೋಕೆ ಬರ್ತಾಳೆ. ಬಸ್ಸು ಹಳೇಬೀಡು ದಾಟುವವರೆಗೂ ಅದೇ ಮಾತು ತಲೆಯಲ್ಲಿತ್ತು. ತೊಡೆಯ ಮೇಲೆ ಮಲಗಿದ್ದ ಮಗುವಿನ ಕೆನ್ನೆ ನೋಡಿದೆ. ನಾಲ್ಕು ಬೆರಳು ಆಡಿಸಿದ ಹಾಗೇ ಇತ್ತು ದದ್ದು.

ನಿನ್ನೆಯ ಪುಟ ಖಾಲಿ ಬಿಟ್ಟಿದ್ದೇನೆ. ಉಪ್ಪಿಟ್ಟಿನ ಪಟ್ಟಿಯಲ್ಲಿ ಅದನ್ನು ಬರೆಯಲಾಗುವುದಿಲ್ಲ.

ಡಿಸೆಂಬರ್ 22

ಎರಡು ಶನಿವಾರ ಎಳ್ಳೆಣ್ಣೆ ಹಚ್ಚಿ ನೀರು ಹಾಕಿದೆ. ನಿನ್ನೆ ಸಂಜೆ ಮಗುವಿನ ಬೆನ್ನು, ತೊಡೆ, ಮಂಡಿಯ ಹಿಂಭಾಗ ಎಲ್ಲ ಗಂಧೆ ಗಂಧೆ. ಅತ್ತು ಅತ್ತು ಧ್ವನಿ ಬಿದ್ದು ಹೋಯಿತು. ಹೆಗಲ ಮೇಲೆ ಹಾಕಿಕೊಂಡು ನಡುಮನೆಯಲ್ಲಿ ಎಷ್ಟು ಸುತ್ತು ಹಾಕಿದೆನೋ. ನನ್ನ ಅಂಗೈಯೂ ಕೆರೆಯುತ್ತಿತ್ತು.

ಬರೆಯಬಾರದು, ಆದರೂ ಬರೆಯುತ್ತೇನೆ. ನನಗೆ ಹೆದರಿಕೆ ಆಗಲಿಲ್ಲ. ಬಂದಿದ್ದಾಳೆ ಎನ್ನಿಸಿತು. ಬಂದವಳು ನನ್ನ ಅಂಗೈಯನ್ನೂ ಮುಟ್ಟಿದಳಲ್ಲ ಎನ್ನಿಸಿತು.

ಡಿಸೆಂಬರ್ 29

ನಿನ್ನೆ ಎಣ್ಣೆ ಹಚ್ಚಲಿಲ್ಲ. ಕೈಲಾಗಲಿಲ್ಲ. ಮಗು ಚೆನ್ನಾಗಿ ನಿದ್ದೆ ಮಾಡಿತು. ನಾನು ಮಾಡಲಿಲ್ಲ.

ಜನವರಿ 12

ನಿನ್ನೆ ಮಾಸಿಕ, ಮತ್ತೆ ಅದೇ. ಈ ಸಲ ಕಣ್ಣಿನ ರೆಪ್ಪೆಯೂ ಊದಿಕೊಂಡಿತು.

"ಮೇ ತನಕ ಯಾಕೆ ಕಾಯ್ತೀರಿ. ಮುಂದಿನ ತಿಂಗಳು ಬಂದಾಗ ಬಿಟ್ಟು ಹೋಗಿ. ಗಂಡಸರ ಕೈಲಿ ಕೂಸು ಒಣಗ್ತಾ ಇದೆ" ಎಂದರು ಅತ್ತೆ. ಎದುರಿಗೆ ಕೂತಿದ್ದ ಪುರೋಹಿತರೂ ಹೌದು ಎನ್ನುವ ಹಾಗೆ ನನ್ನ ಕಡೆ ನೋಡಿದರು.

ನಾನು ತಲೆಯಾಡಿಸಲಿಲ್ಲ. ಬಸ್ಸಿನ ಕಿಟಕಿ ಗಾಳಿಗೆ ಕತ್ತು ಹಿಡಿದುಕೊಂಡಿತ್ತು.

ಜನವರಿ 14, ಸಂಕ್ರಾಂತಿ

ಸೂತಕದ ವರ್ಷ, ನಮಗೆ ಹಬ್ಬವಿಲ್ಲ. ಮಧ್ಯಾಹ್ನ ಲಲಿತಮ್ಮ ಬಂದು, "ದೊಡ್ಡೋರಿಗೆ ಇಲ್ದಿದ್ರೆ ಬ್ಯಾಡ, ಕೂಸಿಗೆ ಮೊದಲ ಸಂಕ್ರಾಂತಿ" ಎಂದು ಎಳ್ಳು ಬೆಲ್ಲವನ್ನು ಕುಟ್ಟಿ ಪುಡಿಮಾಡಿ ಒಂದು ಚಿಟಿಕೆ ಬಾಯಿಗಿಟ್ಟರು. ನಾನು ಬೇಡವೆನ್ನಲಿಲ್ಲ. ಇಪ್ಪತ್ತು ನಿಮಿಷಕ್ಕೆ ಬಾಯಿಯ ಸುತ್ತ ಕೆಂಪೇರಿತು.

ಲಲಿತಮ್ಮ ಬಿಳಿಚಿಕೊಂಡರು. ಮಗು ಉಸಿರಾಡುವುದನ್ನೇ ನೋಡುತ್ತ ಇಬ್ಬರೂ ಒಂದು ಗಂಟೆ ಕೂತೆವು. ಉಸಿರು ಸರಿಯಾಗಿತ್ತು. ಬಾಯಿ ಒರೆಸಿ, ಡಾಕ್ಟರ್ ಮೊದಲೇ ಕೊಟ್ಟಿದ್ದ ಔಷಧಿ ಹಾಕಿದ ಮೇಲೆ ದದ್ದು ಇಳಿಯಿತು.

"ಇವತ್ತು ಮಾಸಿಕ ಅಲ್ಲವಲ್ಲ" ಎಂದೆ ನಾನು. ನನಗೇ ಹೇಳಿಕೊಂಡದ್ದು. "ಬೇಲೂರೂ ಅಲ್ಲ."

"ಅದೇನು ಲೆಕ್ಕ ನಿಮ್ಮದು?"

ಹೇಳಿದೆ. ಅತ್ತೆಯ ಮಾತನ್ನೂ ಹೇಳಿದೆ. "ಸತ್ತೋರು ಬಂದ್ರೆ ಮಗೀಗೆ ಯಾಕೆ ನೋವು ಕೊಟ್ಟಾರು ಐನೋರೆ? ಆ ವಮ್ಮ ಇರುವೆ ತುಳಿದ್ರೂ ಅಯ್ಯೋ ಅನ್ನೋರು" ಎಂದು ಲಲಿತಮ್ಮ ಎದ್ದು, ಮನೆಗೆ ಹೋಗಿ ಮೊರ ತಂದರು. ಪುಡಿಮಾಡದೆ ಉಳಿದ ಎಳ್ಳು ಬೆಲ್ಲವನ್ನು ಅದರಲ್ಲಿ ಸುರಿದು, ಕೇರಿ, ಆರಿಸಿ, ಐದು ಬಟ್ಟಲಿಗೆ ಹಾಕಿದರು. ಬೆಲ್ಲದ ಅಚ್ಚು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ, ಎಳ್ಳು.

"ದಿನಕ್ಕೊಂದು. ನೀವು ತಿನ್ನಿ. ಕೂಸಿನ ತಂಟೆಗೆ ಹೋಗಂಗಿಲ್ಲ" ಎಂದು ಆಜ್ಞೆಯಾಯಿತು.

ಜನವರಿ 20, ಸೋಮವಾರ

15: ಬೆಲ್ಲ. ಏನಿಲ್ಲ.

16: ಕಡಲೆಬೀಜ. ಏನಿಲ್ಲ.

17: ಹುರಿಗಡಲೆ. ಏನಿಲ್ಲ.

18: ಕೊಬ್ಬರಿ. ಒಂದು ಗಿಟುಕಿನಷ್ಟು ತಿಂದೆ. ಏನಿಲ್ಲ. "ತೆಂಗಿನಮರಕ್ಕೆ ತಪ್ಪಾಯ್ತು ಅಂತ ಕೈ ಮುಗೀರಿ" ಎಂದರು ಲಲಿತಮ್ಮ.

19: ಎಳ್ಳು, ಅರ್ಧ ಚಮಚ. ಹತ್ತು ನಿಮಿಷಕ್ಕೆ ತುಟಿ, ಅಂಗುಳ, ಕಿವಿಯ ಒಳಗೂ ಕೆರೆತ.

ಚಿಕ್ಕಂದಿನಲ್ಲಿ ಪುಳಿಯೋಗರೆ ತಿಂದಾಗಲೆಲ್ಲ ಹೀಗೇ ಆಗುತ್ತಿತ್ತು. ಹುಣಸೆಹಣ್ಣು ಹೊಸದು ಎನ್ನುತ್ತಿದ್ದಳು ಅಮ್ಮ. ಗೊಜ್ಜಿಗೆ ಎಳ್ಳಿನ ಪುಡಿ ಹಾಕುವುದು ಅವಳೇ. ನಲವತ್ತೊಂದು ವರ್ಷ ಹುಣಸೆಹಣ್ಣನ್ನು ಬೈದುಕೊಂಡು ಬಂದೆ.

ಇವತ್ತು ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋದೆ. ಅವರು ಊಟದ ಪಟ್ಟಿಗಳನ್ನಷ್ಟೇ ನೋಡಿ ಪುಟ ತಿರುಗಿಸುತ್ತ ಒಂದು ಕಡೆ ನಿಂತರು. "ಸರ್, ಡಿಸೆಂಬರ್ ಹನ್ನೆರಡು ಖಾಲಿ. ಜನವರಿ ಹನ್ನೊಂದೂ ಖಾಲಿ. ಈ ದಿನ ಊಟ ಮಾಡಿಲ್ವಾ?"

"ಅದು ಊಟ ಅಲ್ಲ ಡಾಕ್ಟ್ರೇ. ಮಾಸಿಕ."

"ಏನಾದ್ರೂ ತಿಂದಿರ್ತೀರಲ್ಲ ಸರ್."

ಹೇಳಿದೆ. ಎಳ್ಳುಂಡೆ, ಎಳ್ಳುನೀರು, ಅದೇ ಕೈಯಲ್ಲಿ ಮಗುವಿನ ಕೆನ್ನೆ, ಶನಿವಾರದ ಎಣ್ಣೆ. ಹೇಳುತ್ತ ಹೋದ ಹಾಗೆ ನನ್ನ ಧ್ವನಿ ನನಗೇ ಕೇಳದಷ್ಟು ಸಣ್ಣದಾಯಿತು. ಅವರು ಬೈಯಲಿಲ್ಲ. ಎಳ್ಳು, ಎಳ್ಳೆಣ್ಣೆ ಎರಡನ್ನೂ ಇಬ್ಬರೂ ಪೂರ್ತಿ ನಿಲ್ಲಿಸಿ ಎಂದರು. ಇನ್ನು ಮೇಲೆ ನೀವೂ ಮನೆಯಲ್ಲಿ ಇಂಥ ಪರೀಕ್ಷೆ ಮಾಡಬೇಡಿ, ಹಾಸನದಲ್ಲಿ ಟೆಸ್ಟ್ ಮಾಡಿಸಲು ಬರೆದುಕೊಡುತ್ತೇನೆ ಎಂದರು.

"ಇದು ನನ್ನಿಂದ ಬಂದದ್ದಾ?" ಎಂದು ಕೇಳಿದೆ.

"ಅಲರ್ಜಿ ಗುಣ ಅಪ್ಪ ಅಮ್ಮನಿಂದ ಬರೋದುಂಟು ಸರ್. ಅದೇ ಎಳ್ಳೇ ಬರ್ಬೇಕು ಅಂತೇನಿಲ್ಲ. ನಿಮ್ಮಿಬ್ಬರಿಗೂ ಅದೇ ಇದೆ. ಅಪ್ಪನ ಮಗಳು ಬಿಡಿ."

ಆಸ್ಪತ್ರೆಯಿಂದ ಮನೆಗೆ ಆಟೋ ಹಿಡಿಯುವುದು ಮರೆತು ನಡೆದೇ ಬಂದೆ. ಬಿಸಿಲಿತ್ತು. ಹಿತಾಳ ತಲೆಗೆ ಕರವಸ್ತ್ರ ಹೊದೆಸಿದ್ದೆ.

ಜನವರಿ 23

ಹಾಗಾದರೆ ಅವಳು ಬಂದಿರಲಿಲ್ಲ.

ಕೆನ್ನೆಯ ಮೇಲಿದ್ದ ನಾಲ್ಕು ಬೆರಳು ನನ್ನವೇ. ಅಂಗೈ ಮುಟ್ಟಿದ್ದು ಎಣ್ಣೆ. ಕಾಸ್ ಅಂಡ್ ಎಫೆಕ್ಟ್. ಪಾಸಾದವನಿಗೆ ಆಗಬೇಕಾದ ಸಂತೋಷ ಇಲ್ಲ. ಶಾಲೆಗೆ ಹೋಗಲಿಲ್ಲ. ಹಿತಾ ನನ್ನ ಹೊಟ್ಟೆಯ ಮೇಲೆ ಕೂತು ಅಂಗಿಯ ಗುಂಡಿ ಕಚ್ಚುತ್ತಿದ್ದಳು. ಕಚ್ಚಲಿ ಎಂದು ಬಿಟ್ಟೆ. ಆಮೇಲೆ ಗುಂಡಿ ನುಂಗಿಯಾಳೆಂದು ಅಂಗಿಯನ್ನೇ ತೆಗೆದೆ.

ಫೆಬ್ರವರಿ 10

ನಿನ್ನೆ ಬೇಲೂರಿನಲ್ಲಿ ಅತ್ತೆಗೆ ಎಲ್ಲ ಹೇಳಿದೆ. ಡಾಕ್ಟರ್ ಬರೆದುಕೊಟ್ಟದ್ದನ್ನೂ ತೋರಿಸಿದೆ. ಕನ್ನಡಕ ಹಾಕಿಕೊಳ್ಳದೆ ಅದನ್ನು ಮಡಿಸಿ ನನ್ನ ಕಡೆಗೇ ತಳ್ಳಿದರು.

"ಇವತ್ತು ಎಳ್ಳು ಆಗಲ್ಲ ಅಂತ ಚೀಟಿ. ನಾಳೆ ನೀರೂ ಆಗಲ್ಲ ಅಂತ ತರ್ತೀರಿ. ನನ್ನ ಮಗಳು ಬರೀ ಬಾಯಲ್ಲಿ ಕೂತಿರ್ಲಿ."

"ನೀರೂ ಬಿಡ್ತೀನಿ, ಎಳ್ಳೂ ಬಿಡ್ತೀನಿ ಅತ್ತೆ. ತಿನ್ನಲ್ಲ ಅಷ್ಟೆ. ಕೈ ತೊಳೆಯೋ ತನಕ ಹಿತಾನ ಮುಟ್ಟಲ್ಲ. ನೀವೂ ಮುಟ್ಟಬೇಡಿ."

"ನಾನು ಮುಟ್ಟಬಾರದಾ?"

"ಎಳ್ಳು ಮುಟ್ಟಿದ ಕೈಯಲ್ಲಿ ಬೇಡ."

ಅವರು ಒಳಗೆ ಹೋದರು. ಪಾತ್ರೆಗಳ ಸದ್ದು ಜೋರಾಯಿತು. ಪುರೋಹಿತರು ಗಂಟಲು ಸರಿಮಾಡಿಕೊಂಡು, ತಿನ್ನಲಾಗದವರು ಎಳ್ಳುಂಡೆಯನ್ನು ಮೂಸಿ ಪಕ್ಕಕ್ಕಿಟ್ಟರೂ ನಡೆಯುತ್ತದೆ, ಬಹಳ ಜನ ಹಾಗೆ ಮಾಡುತ್ತಾರೆ ಎಂದರು. ಮೊದಲೇ ಹೇಳಬಾರದಿತ್ತೇ ಎಂದು ಕೇಳಲಿಲ್ಲ. ನಾನೂ ಕೇಳಿರಲಿಲ್ಲವಲ್ಲ.

ಕಾರ್ಯ ಮುಗಿಸಿ ಹಿತ್ತಲ ನಲ್ಲಿಯಲ್ಲಿ ಸೋಪು ಹಾಕಿ ಮೂರು ಸಲ ತೊಳೆದು, ಪಂಚೆ ಬದಲಿಸಿದೆ. ಅಷ್ಟು ಹೊತ್ತೂ ಹಿತಾ ಹಜಾರದ ಚಾಪೆಯ ಮೇಲೆ ನನ್ನನ್ನು ನೋಡಿ ಕೈ ಚಾಚಿ ಅಳುತ್ತಿದ್ದಳು. ಸಂಜೆಯವರೆಗೆ ಕಾದೆ. ದದ್ದು ಏಳಲಿಲ್ಲ.

"ಒಂದು ಸಲ ಆಗಿಲ್ಲ ಅಂದ್ರೆ ಮುಗೀತಾ" ಎಂದರು ಅತ್ತೆ. "ಬಿಟ್ಟು ಹೋಗ್ತೀರಲ್ಲ?"

"ಮುಂದಿನ ತಿಂಗಳು ನೋಡೋಣ" ಎಂದೆ.

ಮಾರ್ಚ್ 2

ಹಿತಾಳಿಗೆ ಮೇಲಿನ ಹಲ್ಲು. ಜ್ವರ. ಮೂರು ದಿನ ರಜೆ ಹಾಕಿದ್ದೇನೆ. ಬರೆಯಲು ಕೂತರೆ ಪೆನ್ನು ಕಿತ್ತುಕೊಳ್ಳುತ್ತಾಳೆ.

ಮಾರ್ಚ್ 12

ನಿನ್ನೆಯ ಮಾಸಿಕದಲ್ಲೂ ದದ್ದು ಇಲ್ಲ. ಅತ್ತೆ ಆ ಮಾತೆತ್ತಲಿಲ್ಲ. ಹೊರಡುವಾಗ ಮಾತ್ರ, "ಸಾರಿಗೆ ಒಗ್ಗರಣೆ ಯಾವ ಎಣ್ಣೆಲಿ ಹಾಕ್ತೀರಿ" ಎಂದು ಕೇಳಿದರು. ಕಡಲೆಕಾಯಿ ಎಣ್ಣೆ ಎಂದೆ. "ಹೂಂ" ಎಂದರು.

ಏಪ್ರಿಲ್ 20

ಲಲಿತಮ್ಮ ಹಾರನಹಳ್ಳಿಗೆ ತಮ್ಮನ ಮನೆಗೆ ಹೋಗುವಾಗ ಹಿತಾಳನ್ನೂ ಕರೆದುಕೊಂಡು ಹೋದರು. ನಾನೇ ಹೂಂ ಎಂದದ್ದು. ಒಂದು ಭಾನುವಾರ ನಿದ್ದೆ ಮಾಡೋಣವೆಂದು.

ನಿದ್ದೆ ಬರಲಿಲ್ಲ. ಫ್ಯಾನಿನ ಸದ್ದು ಹೆಚ್ಚಾಗಿದೆ, ರಿಪೇರಿ ಮಾಡಿಸಬೇಕು. ಎರಡು ಸಲ ತೊಟ್ಟಿಲ ಹತ್ತಿರ ಹೋಗಿ ಬಂದೆ. ನಾಲ್ಕು ಸಲ ಫೋನ್ ಮಾಡಿದೆ. "ಬೇಕರಿ ಬನ್ ಕೊಡಬೇಡಿ, ಮೇಲೆ ಎಳ್ಳಿರುತ್ತೆ" ಎಂದು ಹೇಳಲು ಒಂದು ಸಲ. ಉಳಿದ ಮೂರು ಸಲ ಏನು ಹೇಳಿದೆನೋ. ಐದನೆಯ ಸಲಕ್ಕೆ ಲಲಿತಮ್ಮ ಎತ್ತಲಿಲ್ಲ.

ಈ ಬಿಸಿಲಿನಲ್ಲಿ ಮಗುವನ್ನು ಕಳಿಸಬಾರದಿತ್ತು.

ಮೇ 10, ಶನಿವಾರ

ನಿನ್ನೆ ವರ್ಷಾಂತ್ಯದ ಕಾರ್ಯ ಮುಗಿಯಿತು.

ಬೇಲೂರಿನ ಮನೆಗೆ ಕಾಲಿಟ್ಟೊಡನೆ ಕಂಡದ್ದು, ಹಜಾರದ ತೊಲೆಗೆ ಕಟ್ಟಿದ್ದ ತೊಟ್ಟಿಲು. ಹೊಸ ಹಗ್ಗ. ಬೆಳಗಿನಿಂದ ಎಳ್ಳು ಹುರಿದ ವಾಸನೆ ಮನೆ ತುಂಬ. ಹಿತಾ ಈಗ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳೆ. ಅಡುಗೆಮನೆಯ ಹೊಸಲಿನವರೆಗೆ ಹೋದಳು. ಎಳ್ಳುಂಡೆ ಕಟ್ಟುತ್ತಿದ್ದ ಅತ್ತೆ ಎರಡೂ ಕೈ ಮೇಲೆತ್ತಿ, "ಬರಬೇಡ ಕಣೆ, ಅಲ್ಲೇ ನಿಲ್ಲು, ಸುಂದರರಾಜ್ ಇವಳನ್ನ ಎತ್ಕೊಳ್ಳಿ" ಎಂದು ಕೂಗಿದರು. ನಾನು ಇನ್ನೂ ಎಳ್ಳು ಮುಟ್ಟಿರಲಿಲ್ಲ. ಎತ್ತಿಕೊಂಡು ಬಂದು ಪಕ್ಕದ ಮನೆಯವರ ಹತ್ತಿರ ಬಿಟ್ಟು ಕಾರ್ಯಕ್ಕೆ ಕೂತೆ.

ಎಲ್ಲ ಮುಗಿದು, ಪುರೋಹಿತರೂ ಹೊರಟ ಮೇಲೆ ಹಿತ್ತಲಿಗೆ ಹೋದೆ. ಅತ್ತೆ ಮೊದಲೇ ಅಲ್ಲಿ ನಲ್ಲಿ ಬಿಟ್ಟುಕೊಂಡು ಮೊಣಕೈವರೆಗೆ ಸೋಪು ಉಜ್ಜುತ್ತಿದ್ದರು. ನನಗೂ ಜಾಗ ಬಿಟ್ಟರು.

"ಇವತ್ತಿಗೆ ಬಿಟ್ಟು ಹೋಗೋ ಮಾತಿತ್ತು" ಎಂದರು.

"ಇತ್ತು."

"ತೊಟ್ಟಿಲೇನೋ ಕಟ್ಟಿಸ್ದೆ. ನಿನ್ನೆ ಅಡುಗೆಮನೆಲಿ ನಿಂತು ನೋಡ್ತೀನಿ, ಎಳ್ಳು ಸೋಕದ ಪಾತ್ರೆ ಒಂದಿಲ್ಲ. ಡಬ್ಬಿ ತೆಗೆದು ಬಿಸಾಕಬಹುದು. ಐವತ್ತು ವರ್ಷದ ಕೈಯಭ್ಯಾಸ ಏನು ಮಾಡ್ಲಿ. ಮರೆತು ಒಂದಿನ ಬಾಯಿಗಿಟ್ಟುಬಿಟ್ರೆ..."

ಅಷ್ಟಕ್ಕೆ ನಾನು ಹೌದು ಎಂದಿದ್ದರೆ ಸಾಕಿತ್ತು. ಮಾತು ಅಲ್ಲೇ ಮುಗಿಯುತ್ತಿತ್ತು, ಯಾರಿಗೂ ಬೇಸರವಿಲ್ಲದೆ.

"ಎಳ್ಳಿನ ಮಾತಲ್ಲ ಅತ್ತೆ. ನಿಮ್ಮ ಮನೆಲಿ ಎಳ್ಳೇ ಇಲ್ದಿದ್ರೂ ನಾನು ಬಿಟ್ಟು ಹೋಗ್ತಿರಲಿಲ್ಲ."

ಅತ್ತೆ ನಲ್ಲಿ ನಿಲ್ಲಿಸಿದರು. ನನ್ನ ಕೈ ತುಂಬ ಸೋಪಿನ ನೊರೆ.

"ಇದನ್ನ ಹೇಳೋಕೆ ಒಂದು ವರ್ಷ ಬೇಕಾಯ್ತಾ ನಿಮಗೆ?" ಎಂದರು. "ಮೈಥಿಲಿನ ಕಳಿಸಿಬಂದ ದಿನ, ಅಷ್ಟು ಜನದ ಮುಂದೆ, ಕೂಸನ್ನ ನಿಮ್ಮ ಎದುರಿಗೆ ಹಿಡಿದೆ. ಎತ್ಕೊಳ್ಳಿ ಅಂದೆ. ನೀವು ಕೈ ಚಾಚಲಿಲ್ಲ. ಇವರಿಗೆ ಇದು ಬೇಡ ಅಂದ್ಕೊಂಡೆ. ಅದಕ್ಕೇ ನಾನು ಇಟ್ಕೋತೀನಿ ಅಂದದ್ದು. ನನಗೇನು ಅರವತ್ತಾರರಲ್ಲಿ ಕೂಸು ಹಿಂದೆ ಓಡೋ ಶಕ್ತಿ ಇದೆಯಾ?"

ನನಗೆ ಆ ದಿನದ್ದು ಏನೂ ನೆನಪಿಲ್ಲ. ಚಾಚಲಿಲ್ಲ ಎಂದು ಅವರು ಹೇಳಿದರೆ ಚಾಚಿರಲಿಕ್ಕಿಲ್ಲ.

ಪಕ್ಕದ ಮನೆಯವರು ಹಿತಾಳನ್ನು ಹಿತ್ತಲ ಬಾಗಿಲಲ್ಲಿ ಇಳಿಸಿ ಹೋದರು. ನಮ್ಮಿಬ್ಬರನ್ನು ನೋಡಿ, ಬಾಗಿಲ ಚೌಕಟ್ಟು ಬಿಟ್ಟು, ಒಂದು ಹೆಜ್ಜೆ ಇಟ್ಟಳು. ನಾನು ಬೇಗ ಬೇಗ ನೊರೆ ತೊಳೆದುಕೊಂಡೆ. "ತಾಳಿ" ಎಂದು ಅತ್ತೆ ನನ್ನ ಬಲಗೈ ಹಿಡಿದು, ಬೆಳಕಿಗೆ ತಿರುಗಿಸಿ, ಮಕ್ಕಳ ತಲೆಯಲ್ಲಿ ಹೇನು ಹುಡುಕುವ ಹಾಗೆ ಬೆರಳ ಸಂದಿ ಸಂದಿ ನೋಡಿದರು. ಉಂಗುರದ ಬೆರಳಿನ ಉಗುರಿನ ಕೆಳಗೆ ಒಂದು ಕರಿ ಎಳ್ಳು ಸಿಕ್ಕಿಕೊಂಡಿತ್ತು. ಸೆರಗಿನ ಪಿನ್ನಿನಿಂದ ಅದನ್ನು ತೆಗೆದು ಬಚ್ಚಲಿಗೆ ಹಾಕಿ, ಮತ್ತೆ ನಲ್ಲಿ ತಿರುಗಿಸಿ, ಕೈ ಒಡ್ಡಿಸಿ, ನೀರು ಹಾಯಿಸಿ, ತಮ್ಮ ಸೆರಗಿನಲ್ಲೇ ಒರೆಸಿದರು.

"ಈಗ ಎತ್ಕೊಳ್ಳಿ" ಎಂದರು.